ಫೈಲ್ ಸರ್ವರ್‌ನಲ್ಲಿ ಇದ್ದಕ್ಕಿದ್ದ ಹಾಗೆ ಸಿಪಿಯು ಏರುತ್ತಿದೆ, ಲಾಗಿನ್ ಆಗುವಷ್ಟರಲ್ಲಿ ಇಳಿದಿರುತ್ತದೆ

ಹಳೇಪುಟ

ನಮ್ಮದು ಚಿಕ್ಕ ಸ್ಕ್ಯಾನಿಂಗ್ ಆಫೀಸು. ಲೈಬ್ರರಿಗಳ ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್ ಹಾಕಿ (ಚಿತ್ರದಲ್ಲಿರುವ ಅಕ್ಷರಗಳನ್ನು ಟೆಕ್ಸ್ಟ್ ಮಾಡಿ) ಕೊಡುತ್ತೇವೆ. ಎಲ್ಲ ಫೈಲೂ ಒಂದೇ ಸರ್ವರ್‌ನಲ್ಲಿದೆ. ದೊಡ್ಡ ಸರ್ವರ್ ಏನಲ್ಲ. ನಾಲ್ಕು ಕೋರ್‌ನ ಹಳೇ ಐ3, 16 ಜಿಬಿ ರ‍್ಯಾಮ್, 4 ಟಿಬಿಯ ನಾಲ್ಕು ಡಿಸ್ಕ್ ಸೇರಿಸಿ ಸಾಫ್ಟ್‌ವೇರ್ ರೈಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ), ಡೆಬಿಯನ್ ಲಿನಕ್ಸ್, ಅದರ ಮೇಲೆ ವಿಂಡೋಸ್ ಪಿಸಿಗಳಿಗೆ ಫೈಲ್ ಹಂಚುವ ಸಾಂಬಾ. ಕೆಲಸದವರ ಮೆಷಿನ್‌ಗಳೆಲ್ಲ ವಿಂಡೋಸ್.

ದಿನದಲ್ಲಿ ಯಾವಾಗಲೋ ಒಂದು ಹೊತ್ತಿನಲ್ಲಿ ಸಿಪಿಯು ಇದ್ದಕ್ಕಿದ್ದ ಹಾಗೆ ಮೇಲೇರುತ್ತದೆ. ಫ್ಯಾನ್ ಕೂಗುತ್ತದೆ, ಫೋಲ್ಡರ್ ತೆರೆದರೆ ಹಸಿರು ಪಟ್ಟಿ ಮುಂದಕ್ಕೇ ಹೋಗುವುದಿಲ್ಲ, ಹುಡುಗರು ಕೈ ಕಟ್ಟಿ ಕೂರುತ್ತಾರೆ. ನಾನು ಲಾಗಿನ್ ಆಗಿ ಟಾಪ್ (ಯಾವ ಪ್ರೋಗ್ರಾಮ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಕಮಾಂಡ್) ಹಾಕುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಭಾನುವಾರ ಬೆಳಿಗ್ಗೆಯೂ ಒಮ್ಮೆ ಹೀಗೇ ಆಯಿತು, ಆಗ ಆಫೀಸಿನಲ್ಲಿ ಒಬ್ಬರೂ ಇರಲಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಬಿಸಿಬಿಸಿ_ಬೈಟ್

ವೈರಸ್. ಫಾರ್ಮ್ಯಾಟ್ ಹೊಡೀರಿ, ಮುಗೀತು.

ಮಗಾ_ಲಿನಕ್ಸ್

ಐ3 ತೆಗೆದು ಐ7 ಹಾಕಿ. ಎಷ್ಟು ವರ್ಷ ಅಂತ ಅದರಲ್ಲೇ ದೂಡುತ್ತೀರಿ 😄

ಟರ್ಮಿನಲ್_ತಾತ

ಮೇಲಿನ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ಹಳೇಪುಟ, ಏರಿದ್ದು ಸಿಪಿಯು ಅಂತ ಹೇಗೆ ಗೊತ್ತಾಯಿತು? ಗ್ರಾಫ್‌ನಲ್ಲಿ ನೋಡಿದ್ದು ಲೋಡ್ ಆವರೇಜಾ ಅಥವಾ ನಿಜವಾದ ಸಿಪಿಯು ಬಳಕೆಯಾ? ಎರಡೂ ಬೇರೆ. ಲಿನಕ್ಸ್‌ನಲ್ಲಿ ಲೋಡ್ ಲೆಕ್ಕಕ್ಕೆ ಸಿಪಿಯು ಕೇಳುತ್ತಿರುವ ಪ್ರೊಸೆಸ್‌ಗಳ ಜೊತೆಗೆ ಡಿಸ್ಕ್‌ಗಾಗಿ ಕಾಯುತ್ತಾ ನಿಂತಿರುವವೂ ಸೇರುತ್ತವೆ. ಅಂದರೆ ಲೋಡ್ 15 ತೋರಿಸುತ್ತಿದ್ದರೂ ಸಿಪಿಯು ಸುಮ್ನೆ ಕೂತಿರಬಹುದು. ಡಿಸ್ಕ್ ಒಂದು ಸಾಯುತ್ತಾ ಇದ್ದರೂ ಹಾಗೇ ಕಾಣುತ್ತದೆ.

ಟಾಪ್‌ನಲ್ಲಿ ಮೇಲಿನ ಸಾಲು ನೋಡಿ. ಅಲ್ಲಿ ಯುಎಸ್, ಎಸ್‌ವೈ, ಡಬ್ಲ್ಯುಎ ಅಂತ ಇರುತ್ತದೆ. ಡಬ್ಲ್ಯುಎ ಜಾಸ್ತಿ ಇದ್ದರೆ ಡಿಸ್ಕ್ ಕಡೆ ಹೋಗಿ. ಯುಎಸ್ ಜಾಸ್ತಿ ಇದ್ದರೆ ಯಾವುದೋ ಪ್ರೋಗ್ರಾಮ್ ತಾನೇ ದುಡಿಯುತ್ತಿದೆ. ಎಸ್‌ವೈ ಜಾಸ್ತಿ ಇದ್ದರೆ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಯಾರೋ ಪದೇ ಪದೇ ಏನೋ ಕೇಳುತ್ತಿದ್ದಾರೆ. ಇದು ಗೊತ್ತಾಗದೆ ಏನು ಹೇಳಿದರೂ ಅದು ಕಣಿ.

ಡಿಸ್ಕ್_ದಾಸ

ಭಾನುವಾರದ್ದು ನಾನು ಈಗಲೇ ಹೇಳುತ್ತೇನೆ. ಅದು ತಿಂಗಳ ಮೊದಲ ಭಾನುವಾರ ಆಗಿತ್ತಾ?

ಹಳೇಪುಟ

ಹೌದು! ಹೇಗೆ ಗೊತ್ತಾಯಿತು?

ಡಿಸ್ಕ್_ದಾಸ

ಡೆಬಿಯನ್‌ನಲ್ಲಿ ಎಂಡಿಎಡಿಎಂ (ಸಾಫ್ಟ್‌ವೇರ್ ರೈಡ್ ನಡೆಸುವ ಟೂಲ್) ರೈಡ್ ಇದ್ದರೆ ತಿಂಗಳ ಮೊದಲ ಭಾನುವಾರ, ಶನಿವಾರ ರಾತ್ರಿ ಕಳೆದು ಸುಮಾರು ಒಂದು ಗಂಟೆಗೆ, ಇಡೀ ಅರೇ (ಡಿಸ್ಕ್‌ಗಳ ಗುಂಪು) ಚೆಕ್ ಮಾಡಲು ತಾನಾಗೇ ಶುರು ಮಾಡುತ್ತದೆ. ಎಲ್ಲ ಡಿಸ್ಕ್‌ನ ಎಲ್ಲ ಬ್ಲಾಕ್ ಓದಿ ಪ್ಯಾರಿಟಿ (ಹೋದ ಡೇಟಾ ಮರಳಿ ಕಟ್ಟಲು ಇಟ್ಟ ಲೆಕ್ಕ) ತಾಳೆ ನೋಡುತ್ತದೆ. 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಓದಿದರೂ ಏಳು ಗಂಟೆಗೂ ಜಾಸ್ತಿ ಬೇಕು. ಬೆಳಿಗ್ಗೆ ಎಂಟಾದರೂ ಮುಗಿದಿರುವುದಿಲ್ಲ.

ಪ್ರೊಕ್ ಒಳಗೆ ಎಂಡಿಸ್ಟ್ಯಾಟ್ ಅನ್ನೋ ಫೈಲ್ ನೋಡಿದರೆ ಎಷ್ಟು ಪರ್ಸೆಂಟ್ ಆಗಿದೆ ಅಂತ ಬರೆದಿರುತ್ತದೆ. ಹಾಗಂತ ನಿಲ್ಲಿಸಿಬಿಡಬೇಡಿ. ಈ ಚೆಕ್ ಇಲ್ಲದಿದ್ದರೆ ಕೆಟ್ಟ ಸೆಕ್ಟರ್ ಇರುವುದು ಗೊತ್ತಾಗುವುದೇ ಇನ್ನೊಂದು ಡಿಸ್ಕ್ ಹೋಗಿ ರೀಬಿಲ್ಡ್ ಮಾಡುವಾಗ. ರೈಡ್ 5ರಲ್ಲಿ ಆಗ ಗೊತ್ತಾಗಿ ಏನು ಪ್ರಯೋಜನ? ತೊಂದರೆ ಅನಿಸಿದರೆ ವೇಗಕ್ಕೆ ಮಿತಿ ಹಾಕಿ, ಸಿಂಕ್ ಸ್ಪೀಡ್ ಮ್ಯಾಕ್ಸ್ ಅಂತ ಒಂದು ಸೆಟ್ಟಿಂಗ್ ಇದೆ.

ಬೂದಿಕೆಂಡ

ವೈರಸ್ ಅಂದವರನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ ತಾತ. 2017ರ ಮೇ ತಿಂಗಳು ನೆನಪಿದೆಯಾ? ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಗಲಾಟೆಯಲ್ಲಿ ಎಲ್ಲರೂ ವಿಂಡೋಸ್ ನೋಡುತ್ತಾ ಕೂತಿದ್ದಾಗ ಸಾಂಬಾದಲ್ಲೂ ಒಂದು ದೊಡ್ಡ ತೂತು ಸಿಕ್ಕಿತ್ತು. 3.5ರಿಂದ ಮುಂದಿನ ವರ್ಷನ್‌ಗಳಿಗೆಲ್ಲ ಅನ್ವಯ. ಬರೆಯಲು ಅನುಮತಿ ಇರುವ ಷೇರ್ ಒಂದು ಸಿಕ್ಕಿದರೆ ಸಾಕು, ತಮ್ಮ ಲೈಬ್ರರಿ ಹಾಕಿ ಓಡಿಸಬಹುದಿತ್ತು. ಅದನ್ನು ಹಿಡಿದುಕೊಂಡು ಬೇರೆಯವರ ಸಿಪಿಯುನಲ್ಲಿ ಮೊನೆರೊ ಅನ್ನೋ ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ಶುರು ಮಾಡಿದ್ದರು. ಆಮೇಲೆ 2021ರ ಡಿಸೆಂಬರ್‌ನಲ್ಲಿ ಸ್ಟೋರೇಜ್ ಸರ್ವರ್ ಮಾಡುವ ಕ್ಯೂನ್ಯಾಪ್ ಕಂಪನಿಯೇ ಎಚ್ಚರಿಕೆ ಕೊಟ್ಟಿತು. ಮೈನರ್ (ಗಣಿಗಾರಿಕೆ ಪ್ರೋಗ್ರಾಮ್) ಒಂದು 'ಊಮ್ ರೀಪರ್' ಅನ್ನೋ ಹೆಸರಲ್ಲಿ ಓಡುತ್ತಾ ಅರ್ಧ ಸಿಪಿಯು ತಿನ್ನುತ್ತಿತ್ತು. ಆ ಹೆಸರಿನ ನಿಜವಾದ ಕರ್ನಲ್ ಥ್ರೆಡ್ ಬೇರೆ ಇದೆ, ಹಾಗಾಗಿ ನೋಡಿದವರು ಸಿಸ್ಟಮ್‌ದೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಿಜವಾದದ್ದಕ್ಕೆ ಪಿಐಡಿ (ಪ್ರೊಸೆಸ್‌ನ ನಂಬರ್) ಚಿಕ್ಕದಿರುತ್ತದೆ, ನಕಲಿಗೆ ಸಾವಿರದ ಮೇಲೆ.

ಸರ್ವರ್ ಇಂಟರ್ನೆಟ್‌ಗೆ ತೆರೆದಿದೆಯಾ? ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಏನಾದರೂ?

ಹಳೇಪುಟ

ಇಲ್ಲ. ಹೊರಗಿನಿಂದ ಬರುವವರು ವಿಪಿಎನ್‌ನಲ್ಲೇ ಬರಬೇಕು. ಅಪ್‌ಡೇಟ್ ಕೂಡ ತಪ್ಪದೆ ಹಾಕುತ್ತೇವೆ.

ಬೂದಿಕೆಂಡ

ಹಾಗಾದರೆ ಬಚಾವು. ಆದರೂ ಒಮ್ಮೆ ನೋಡಿ. ಅಲ್ಲದೆ ಮೈನರ್ ಬಂದರೆ ದಿನಕ್ಕೊಮ್ಮೆ ಏರಿ ಇಳಿಯುವುದಿಲ್ಲ, ಬಂದವನು ಬಿಟ್ಟಿ ಕರೆಂಟ್ ಯಾಕೆ ಬಿಡುತ್ತಾನೆ?

ಹುಬ್ಬಳ್ಳಿ_ಹೈದ

ನಮ್ಮ ಕಡೆ ಒಂದು ಆಡಿಟರ್ ಆಫೀಸಿನಾಗ ಹಿಂಗ ಆಗಿತ್ತು ನೋಡ್ರಿ. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಸರ್ವರ್ ಕುಂತುಬಿಡುತ್ತಿತ್ತು. ಎಲ್ಲಾರೂ ಊಟಕ್ಕೆ ಹೋದಾಗ ಸರ್ವರ್ ಯಾಕ ದುಡೀತದ ಅಂತ ತಲಿ ಕೆಟ್ಟಿತ್ತು. ನೋಡಿದರೆ ಎಲ್ಲಾ ಪಿಸಿಯಲ್ಲೂ ಇದ್ದ ಆಂಟಿವೈರಸ್ಸು 'ಮೆಷಿನ್ ಖಾಲಿ ಇದ್ದಾಗ ಸ್ಕ್ಯಾನ್ ಮಾಡು' ಅನ್ನೋ ಸೆಟ್ಟಿಂಗ್‌ನಲ್ಲಿತ್ತು, ಮ್ಯಾಪ್ ಮಾಡಿದ ಡ್ರೈವ್ ಕೂಡ ಸೇರಿಸಿಕೊಂಡು. ಎಲ್ಲಾ ಪಿಸಿ ಒಟ್ಟಿಗೇ ಒಂದೇ ಷೇರ್ ಜಾಲಾಡುತ್ತಿದ್ದವು. ನೆಟ್‌ವರ್ಕ್ ಡ್ರೈವ್ ಬಿಟ್ಟುಬಿಡು ಅಂತ ಟಿಕ್ ಹಾಕಿದ ಮೇಲೆ ಗಪ್‌ಚಿಪ್.

ನಿಮ್ಮ ಸರ್ವರ್ ಏರುವ ಹೊತ್ತು ಬರೆದಿಟ್ಟುಕೊಳ್ರಿ. ಹೊತ್ತೇ ಅರ್ಧ ಉತ್ತರ ಹೇಳುತ್ತದ.

ಕರಾವಳಿ_ಕೋಡರ್

ಹೊಸ ಪಿಸಿ ಏನಾದರೂ ಬಂದಿದೆಯಾ ಮಾರಾಯ್ರೆ ಇತ್ತೀಚೆಗೆ? ವಿಂಡೋಸ್ 11ರ 24ಎಚ್2 ಬಂದ ಮೇಲೆ ಪ್ರೊ ಎಡಿಷನ್‌ಗಳಲ್ಲಿ ಎಸ್‌ಎಂಬಿ (ಫೈಲ್ ಹಂಚಿಕೆಯ ಭಾಷೆ) ಸೈನಿಂಗ್ ಕಡ್ಡಾಯ ಆಗಿದೆ. ಪ್ರತಿ ಪ್ಯಾಕೆಟ್‌ಗೂ ಸಹಿ ಲೆಕ್ಕ ಹಾಕಬೇಕು, ಹಳೇ ಪ್ರೊಸೆಸರ್‌ಗೆ ಅದು ಭಾರ. ಈ ಲೆಕ್ಕಕ್ಕೆ ನೆರವಾಗುವ ಎಇಎಸ್ ಸೂಚನೆಗಳೇ ಇಲ್ಲದ ಸೆಲೆರಾನ್ ಜೆ1900 ತರದ್ದಾದರೆ ಕೇಳುವುದೇ ಬೇಡ.

ಹಳೇಪುಟ

ಎರಡು ಹೊಸ ಪಿಸಿ ಬಂದಿವೆ, ಎರಡರಲ್ಲೂ ಅದೇ ವರ್ಷನ್. ಅದೇ ಇರಬಹುದಾ?

ಟರ್ಮಿನಲ್_ತಾತ

ಇರಬಹುದು, ಆದರೆ ಪರೀಕ್ಷೆ ಮಾಡುವುದು ಸುಲಭ. ಸೈನಿಂಗ್ ಖರ್ಚು ಎಷ್ಟು ಡೇಟಾ ಹರಿಯುತ್ತದೋ ಅಷ್ಟಕ್ಕೆ ತಕ್ಕ ಹಾಗೆ ಬರುತ್ತದೆ. ಸಿಪಿಯು ಏರಿದಾಗ ನೆಟ್‌ವರ್ಕ್ ಎಷ್ಟು ಓಡುತ್ತಿದೆ ನೋಡಿ. ಸೆಕೆಂಡಿಗೆ 100 ಎಂಬಿ ಓಡುತ್ತಿದ್ದರೆ ಕರಾವಳಿ ಹೇಳಿದ್ದು ಸರಿ ಇರಬಹುದು. ನೆಟ್‌ವರ್ಕ್ ಸುಮ್ನೆ ಇದ್ದು ಸಿಪಿಯು ಮಾತ್ರ ತುಂಬಿದ್ದರೆ ಅದು ಡೇಟಾ ಕೆಲಸ ಅಲ್ಲ, ಹೆಸರು ಹುಡುಕುವ ಕೆಲಸ. ಸೈನಿಂಗ್ ಆಫ್ ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ನೀವು ಲಾಗಿನ್ ಆಗುವಷ್ಟರಲ್ಲಿ ಇಳಿದಿರುತ್ತದೆ ಅಂದಿರಿ. ಅದಕ್ಕೆ ಅಟಾಪ್ ಹಾಕಿ. ಅದು ಹಿನ್ನೆಲೆಯಲ್ಲಿ ಬರೆದಿಡುತ್ತಾ ಹೋಗುತ್ತದೆ, ಆಮೇಲೆ ಹಿಂದಕ್ಕೆ ಹೋಗಿ ನೋಡಬಹುದು. ಆದರೆ ಮೊದಲಿಗೆ ಅದರ ಅಂತರ 600 ಸೆಕೆಂಡ್ ಇರುತ್ತದೆ. ಹತ್ತು ನಿಮಿಷಕ್ಕೊಂದು ಫೋಟೋ ತೆಗೆದರೆ ಎರಡು ನಿಮಿಷದ ಏರಿಕೆ ಸರಾಸರಿಯಲ್ಲಿ ಕರಗಿ ಹೋಗುತ್ತದೆ. ಲಾಗ್ ಇಂಟರ್ವಲ್ 10 ಸೆಕೆಂಡಿಗೆ ಇಳಿಸಿ. ಸಿಕ್ಕಿದ ಮೇಲೆ ಮತ್ತೆ ಏರಿಸಿ, ಇಲ್ಲದಿದ್ದರೆ ಲಾಗ್ ತುಂಬುತ್ತದೆ.

ಮಗಾ_ಲಿನಕ್ಸ್

ಅಷ್ಟೆಲ್ಲ ಯಾಕೆ ತಾತ, ಗ್ರಾಫ್ ತೋರಿಸುವ ಗ್ರಫಾನಾ ಹಾಕಿದರೆ ಚೆನ್ನಾಗಿ ಕಾಣುತ್ತದೆ.

ಬೂದಿಕೆಂಡ

ಚೆನ್ನಾಗಿ ಕಾಣುತ್ತದೆ, ಯಾವ ಪ್ರೊಸೆಸ್ ಅಂತ ಮಾತ್ರ ಹೇಳುವುದಿಲ್ಲ.

ಹಳೇಪುಟ

ಅಟಾಪ್ ಹಾಕಿದೆ. ಭಾನುವಾರದ್ದು ಡಿಸ್ಕ್ ದಾಸ ಹೇಳಿದ್ದೇ, ಸಿಸ್ಟಮ್ ಲಾಗ್‌ನಲ್ಲಿ ರೈಡ್ ಚೆಕ್ ಶುರುವಾಗಿದ್ದು, ಮುಗಿದಿದ್ದು ಎರಡೂ ಇದೆ. ಅದು ಪತ್ತೆಯಾಯಿತು.

ಆದರೆ ವಾರದ ದಿನದ್ದು ಬೇರೆ. ಇವತ್ತು ಸಿಕ್ಕಿತು. ಯುಎಸ್, ಎಸ್‌ವೈ ಎರಡೂ ಜಾಸ್ತಿ, ಡಬ್ಲ್ಯುಎ ಬರೀ 1, 2. ನೆಟ್‌ವರ್ಕ್ ಸೆಕೆಂಡಿಗೆ ಒಂದು ಎಂಬಿ ಕೂಡ ಇಲ್ಲ. ಎಸ್‌ಎಂಬಿಡಿ ಅನ್ನೋ ಪ್ರೊಸೆಸ್‌ಗಳ ಪೈಕಿ ಎರಡು 100 ಪರ್ಸೆಂಟ್‌ನಲ್ಲಿವೆ. ಆದರೆ ಮೇಲಿನ ಸಾಲಿನಲ್ಲಿ ಒಟ್ಟು ಸಿಪಿಯು 50 ಚಿಲ್ಲರೆ ಅಂತಷ್ಟೇ ತೋರಿಸುತ್ತದೆ. ಇದು ಹೇಗೆ?

ಮಗಾ_ಲಿನಕ್ಸ್

50 ಪರ್ಸೆಂಟ್ ಅಂದರೆ ಇನ್ನೂ ಅರ್ಧ ಖಾಲಿ ಇದೆ, ಅದೇನು ಸಮಸ್ಯೆನೇ ಅಲ್ಲ.

ಟರ್ಮಿನಲ್_ತಾತ

ಸಮಸ್ಯೆನೇ. ಟಾಪ್‌ನಲ್ಲಿ ಕೆಳಗೆ ಪ್ರೊಸೆಸ್ ಪಟ್ಟಿಯಲ್ಲಿ 100 ಅಂದರೆ ಒಂದು ಕೋರ್ ಪೂರ್ತಿ. ಮೇಲಿನ ಸಾಲು ನಾಲ್ಕೂ ಕೋರ್‌ನ ಸರಾಸರಿ. ಎರಡು ಕೋರ್ ತುಂಬಿದರೆ 50. ಟಾಪ್ ಓಡುವಾಗ 1 ಒತ್ತಿ, ಕೋರ್‌ಗಳು ಬೇರೆ ಬೇರೆ ಕಾಣುತ್ತವೆ. ಸಾಂಬಾ ಪ್ರತಿ ಕ್ಲೈಂಟ್‌ಗೂ ಒಂದೊಂದು ಎಸ್‌ಎಂಬಿಡಿ ಹುಟ್ಟಿಸುತ್ತದೆ. ಆ ಕ್ಲೈಂಟ್‌ನ ಇಂಥ ಕೆಲಸ ಒಂದೇ ಕೋರ್ ಮೇಲೆ ಬೀಳುತ್ತದೆ. ಹಾಗಾಗಿ ನೀವು 16 ಕೋರ್‌ನ ಮೆಷಿನ್ ತಂದರೂ ಆ ಒಂದು ಪಿಸಿಗೆ ಒಂದು ಕೋರ್‌ನಷ್ಟೇ. ಐ7 ತನ್ನಿ ಅಂದವರು ಇದನ್ನು ಓದಲಿ.

ಈಗ ಒಳ್ಳೇ ಸುದ್ದಿ. ಒಂದು ಪಿಐಡಿ ಅಂದರೆ ಒಂದು ಪಿಸಿ. ಎಸ್‌ಎಂಬಿಸ್ಟೇಟಸ್ ಓಡಿಸಿದರೆ ಪಿಐಡಿ, ಯೂಸರ್, ಐಪಿ ಅಡ್ರೆಸ್ ಒಂದೇ ಸಾಲಿನಲ್ಲಿ ಬರುತ್ತವೆ. ಯಾರ ಪಿಸಿ ಅಂತ ನೋಡಿ. ಆಮೇಲೆ ಅದೇ ಪಿಐಡಿಗೆ ಎಸ್‌ಟ್ರೇಸ್ (ಕರ್ನಲ್‌ಗೆ ಹೋಗುವ ಪ್ರತಿ ಕರೆ, ಅಂದರೆ ಸಿಸ್ಟಮ್ ಕಾಲ್, ತೋರಿಸುವ ಟೂಲ್) ಅಂಟಿಸಿ, ಸಿ ಆಪ್ಶನ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ಕಂಟ್ರೋಲ್ ಸಿ ಒತ್ತಿ. ಯಾವ ಸಿಸ್ಟಮ್ ಕಾಲ್ ಎಷ್ಟು ಸಲ ಅಂತ ಪಟ್ಟಿ ಬರುತ್ತದೆ.

ಬೂದಿಕೆಂಡ

ಕೆಲಸದ ಹೊತ್ತಿನಲ್ಲಿ ಪ್ರೊಡಕ್ಷನ್ ಸರ್ವರ್ ಮೇಲೆ ಎಸ್‌ಟ್ರೇಸಾ? ಪ್ರತಿ ಕಾಲ್‌ಗೂ ಪ್ರೊಸೆಸ್ ನಿಂತು ನಿಂತು ಹೋಗುತ್ತದೆ. ಪರ್ಫ್ ಟಾಪ್ ಹಾಕಿ, ಅದು ಹಗುರ.

ಟರ್ಮಿನಲ್_ತಾತ

ಈಗಾಗಲೇ ಹುಡುಗರು ಕೈ ಕಟ್ಟಿ ಕೂತಿದ್ದಾರೆ, ಇನ್ನು ಹತ್ತು ಸೆಕೆಂಡ್ ನಿಧಾನ ಆದರೆ ಏನು ಮುಳುಗಿ ಹೋಗುತ್ತದೆ? ಪರ್ಫ್‌ನಲ್ಲಿ ಯಾವ ಫಂಕ್ಷನ್ ಅಂತ ಗೊತ್ತಾಗುತ್ತದೆ, ಯಾವ ಫೈಲ್ ಅಂತ ಗೊತ್ತಾಗುವುದಿಲ್ಲ. ಇಲ್ಲಿ ಬೇಕಿರುವುದು ಫೈಲ್ ಹೆಸರು.

ಬೂದಿಕೆಂಡ

ಬ್ಯಾಂಕಿನ ಸರ್ವರ್ ಮೇಲೆ ಹೀಗೆ ಮಾಡಿ ನೋಡಿ, ಗೊತ್ತಾಗುತ್ತದೆ.

ಸುಮ್ನೆ_ಓದುಗ

🍿

ಹಳೇಪುಟ

ಜಗಳ ಆಡಬೇಡಿ, ಮಾಡಿದೆ 🙂

ಎರಡೂ ಪಿಐಡಿ ಓಸಿಆರ್ ಮಾಡುವ ಎರಡು ಪಿಸಿಗಳದ್ದು. ಹೊಸ ಪಿಸಿಗಳೇ, ಆದರೆ ಕೆಲಸ ಓಸಿಆರ್. ಎಸ್‌ಟ್ರೇಸ್ ಪಟ್ಟಿಯಲ್ಲಿ ಗೆಟ್‌ಡೆಂಟ್ಸ್ 64 (ಫೋಲ್ಡರ್‌ನಲ್ಲಿರುವ ಹೆಸರುಗಳನ್ನು ಓದುವ ಕರೆ) ಅನ್ನೋದು ಸಿಕ್ಕಾಪಟ್ಟೆ ಮೇಲಿದೆ. ಸಿ ಆಪ್ಶನ್ ಇಲ್ಲದೆ ಹಾಕಿದಾಗ 'ಅಂಥ ಫೈಲ್ ಇಲ್ಲ' ಅನ್ನೋ ಎರರ್ ಬರುತ್ತದೆ, ಅದರ ಹಿಂದೆಯೇ ಗೆಟ್‌ಡೆಂಟ್ಸ್‌ನ ಉದ್ದ ಸರಮಾಲೆ, ಮತ್ತೆ ಇನ್ನೊಂದು 'ಇಲ್ಲ', ಮತ್ತೆ ಸರಮಾಲೆ. ಇಲ್ಲ ಅಂತ ಬರುವ ಹೆಸರುಗಳೆಲ್ಲ ಟಿಎಕ್ಸ್‌ಟಿ ಫೈಲುಗಳು.

ಟರ್ಮಿನಲ್_ತಾತ

ಸಿಕ್ಕಿತು. ಆ ಫೋಲ್ಡರ್‌ನಲ್ಲಿ ಎಷ್ಟು ಫೈಲ್ ಇವೆ?

ಹಳೇಪುಟ

ಒಂದು ಪತ್ರಿಕೆಯ ಎಲ್ಲ ವರ್ಷದ ಪುಟಗಳೂ ಒಂದೇ ಫೋಲ್ಡರ್‌ನಲ್ಲಿವೆ. 1,20,000 ಹತ್ತಿರ.

ಕರಾವಳಿ_ಕೋಡರ್

ಅಬ್ಬಾ ದೇವರೇ.

ಟರ್ಮಿನಲ್_ತಾತ

ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದು ತುಂಬ ಜನರಿಗೆ ಆಗುತ್ತದೆ, ಯಾರೂ ಸಾಂಬಾ ಮೇಲೆ ಅನುಮಾನ ಪಡುವುದಿಲ್ಲ.

ವಿಂಡೋಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರದ ಭೇದ ಇಲ್ಲ. ಲಿನಕ್ಸ್‌ಗೆ ಇದೆ. ವಿಂಡೋಸ್ ಪಿಸಿ 'ಪೇಜ್ 5' ಅನ್ನೋ ಫೈಲ್ ಚಿಕ್ಕಕ್ಷರದಲ್ಲಿ ಕೇಳಿತು ಅಂದುಕೊಳ್ಳಿ. ಸಾಂಬಾ ಡಿಸ್ಕ್‌ನಲ್ಲಿ ಅದೇ ಹೆಸರು ನೋಡುತ್ತದೆ. ಇದ್ದರೆ ತಕ್ಷಣ ಸಿಗುತ್ತದೆ, ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮ್‌ನಲ್ಲಿ (ಡಿಸ್ಕ್ ಮೇಲೆ ಫೈಲ್ ಜೋಡಿಸಿಡುವ ವ್ಯವಸ್ಥೆ) ಹೆಸರಿಗೆ ಹ್ಯಾಶ್ ಇಂಡೆಕ್ಸ್ (ನೇರವಾಗಿ ಹುಡುಕುವ ಪಟ್ಟಿ) ಇರುವುದರಿಂದ ಲಕ್ಷ ಫೈಲ್ ಇದ್ದರೂ ತಡ ಆಗುವುದಿಲ್ಲ. ಇಲ್ಲದಿದ್ದರೆ ಕಥೆ ಬೇರೆ. ಅದೇ ಹೆಸರು ದೊಡ್ಡಕ್ಷರದಲ್ಲಿ ಇರಬಹುದು, ಅರ್ಧಂಬರ್ಧ ಬೆರೆತು ಇರಬಹುದು. ಹಾಗಾಗಿ 'ಇಲ್ಲ' ಅಂತ ಹೇಳುವ ಮುಂಚೆ ಸಾಂಬಾ ಇಡೀ ಫೋಲ್ಡರ್ ಓದಿ ಒಂದೊಂದು ಹೆಸರನ್ನೂ ಹೋಲಿಸಿ ನೋಡಬೇಕು. ವೋಟರ್ ಲಿಸ್ಟ್‌ನಲ್ಲಿ ಹೆಸರಿದ್ದರೆ ಸಿಕ್ಕಿದ ಪುಟದಲ್ಲೇ ನಿಲ್ಲಿಸಬಹುದು, ಇಲ್ಲ ಅಂತ ಹೇಳಬೇಕಾದರೆ ಕೊನೆ ಪುಟದವರೆಗೂ ನೋಡಲೇಬೇಕು, ಹಾಗೆ.

ನಿಮ್ಮ ಓಸಿಆರ್ ಪ್ರೋಗ್ರಾಮ್ ಪ್ರತಿ ಚಿತ್ರಕ್ಕೂ 'ಇದರ ಟೆಕ್ಸ್ಟ್ ಫೈಲ್ ಆಗಲೇ ಇದೆಯಾ' ಅಂತ ಕೇಳುತ್ತಿದೆ. ಹೊಸ ಪುಟಕ್ಕೆ ಉತ್ತರ 'ಇಲ್ಲ'. ಪ್ರತಿ 'ಇಲ್ಲ'ಗೆ 1,20,000 ಹೆಸರು. ಎಲ್ಲ ಪುಟಕ್ಕೂ ಕೇಳಿದರೆ 1,20,000 ಸಲ 1,20,000, ಅಂದರೆ 1,440 ಕೋಟಿ ಹೋಲಿಕೆ. ಹೋಲಿಕೆ ಎಸ್‌ಎಂಬಿಡಿ ಒಳಗೇ ನಡೆಯುವುದರಿಂದ ಯುಎಸ್ ಏರುತ್ತದೆ, ಫೋಲ್ಡರ್ ಓದಲು ಕರ್ನಲ್‌ಗೆ ಹೋಗುವುದರಿಂದ ಎಸ್‌ವೈ. ಹೆಸರುಗಳೆಲ್ಲ ಆಗಲೇ ರ‍್ಯಾಮ್‌ನಲ್ಲಿರುವುದರಿಂದ ಡಿಸ್ಕ್ ಅಲ್ಲಾಡುವುದಿಲ್ಲ. ನೆಟ್‌ವರ್ಕ್‌ನಲ್ಲಿ ಹೋಗುವುದು ಪುಟ್ಟ ಪ್ರಶ್ನೆ, ಪುಟ್ಟ ಉತ್ತರ. ನೀವು ಕೊಟ್ಟ ಎಲ್ಲ ಅಂಕಿಗಳೂ ಇದಕ್ಕೆ ತಾಳೆ ಆಗುತ್ತವೆ.

ಹುಬ್ಬಳ್ಳಿ_ಹೈದ

ಹೊಸ ಫೈಲ್ ಬರೆಯುವಾಗಲೂ ಇದೇ ಗೋಳು ಅಲ್ರಿ? ಹೊಸ ಹೆಸರು ಅಂದರೆ ಮೊದಲು ಇರಬಾರದು, ಇಲ್ಲ ಅಂತ ಖಾತ್ರಿ ಮಾಡಬೇಕು.

ಟರ್ಮಿನಲ್_ತಾತ

ಅದೇ. ಸ್ಕ್ಯಾನರ್ ಒಂದೊಂದು ಪುಟ ಉಳಿಸುವಾಗಲೂ ಒಂದು ಪೂರ್ತಿ ಓದು. ಫೋಲ್ಡರ್ ಬೆಳೆದ ಹಾಗೆ ನಿಧಾನ ಆಗುತ್ತಾ ಹೋಗಿರುತ್ತದೆ.

ಹಳೇಪುಟ

ಹೌದು! ಈ ಪತ್ರಿಕೆ ಶುರು ಮಾಡಿದಾಗ ತೊಂದರೆನೇ ಇರಲಿಲ್ಲ. ಸರಿ, ಪರಿಹಾರ ಏನು?

ಮಗಾ_ಲಿನಕ್ಸ್

ಗೂಗಲ್ ಮಾಡಿದೆ. ಸಾಂಬಾ ಕಾನ್ಫಿಗ್‌ನಲ್ಲಿ ಆ ಷೇರ್‌ಗೆ ಕೇಸ್ ಸೆನ್ಸಿಟಿವ್ ಟ್ರೂ (ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಅಂತ ನೋಡು), ಡಿಫಾಲ್ಟ್ ಕೇಸ್ ಲೋವರ್, ಪ್ರಿಸರ್ವ್ ಕೇಸ್ ನೋ, ಶಾರ್ಟ್ ಪ್ರಿಸರ್ವ್ ಕೇಸ್ ನೋ. ನಾಲ್ಕು ಸಾಲು ಹಾಕಿ ರೀಲೋಡ್ ಮಾಡಿ, ಆಯಿತು.

ಡಿಸ್ಕ್_ದಾಸ

ಆಗಲಿಲ್ಲ ಮಗಾ, ನಿಲ್ಲು. ಆ ನಾಲ್ಕು ಸಾಲು ಹಾಕುವ ಮುಂಚೆ ಒಳಗಿರುವ ಎಲ್ಲ ಹೆಸರನ್ನೂ ಚಿಕ್ಕಕ್ಷರಕ್ಕೆ ಬದಲಾಯಿಸಬೇಕು. ಇಲ್ಲದಿದ್ದರೆ ದೊಡ್ಡಕ್ಷರ ಇರುವ ಫೈಲುಗಳು ಪಿಸಿಯಿಂದ ತೆರೆಯುವುದಿಲ್ಲ. ಸ್ಕ್ಯಾನರ್‌ಗಳು ಟಿಐಎಫ್ ಅಂತ ದೊಡ್ಡಕ್ಷರದಲ್ಲೇ ಇಡುವುದು ಜಾಸ್ತಿ. ಸೋಮವಾರ ಬೆಳಿಗ್ಗೆ 'ಎಲ್ಲ ಫೈಲ್ ಹೋಯಿತು' ಅಂತ ಫೋನ್ ಬರುತ್ತದೆ.

ಬೂದಿಕೆಂಡ

ಹೊಸದಾಗಿ ಮಾಡುವುದಾದರೆ ಫೈಲ್ ಸಿಸ್ಟಮ್‌ಗೇ ಕೆಲಸ ವಹಿಸಿ. ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ ಡೇಟಾಸೆಟ್ ಮಾಡುವಾಗಲೇ ಕೇಸ್ ಸೆನ್ಸಿಟಿವಿಟಿ ಬೇಡ ಅಂತ ಹೇಳಬಹುದು, ಆಮೇಲೆ ಬದಲಾಯಿಸಲು ಆಗುವುದಿಲ್ಲ. ಇಎಕ್ಸ್‌ಟಿ4ಗೂ 2019ರಲ್ಲಿ ಕರ್ನಲ್ 5.2ರಿಂದ ಕೇಸ್‌ಫೋಲ್ಡ್ (ದೊಡ್ಡಕ್ಷರ ಚಿಕ್ಕಕ್ಷರ ಭೇದ ಮಾಡದಿರುವ ಸೌಲಭ್ಯ) ಬಂದಿದೆ, ಆದರೆ ಖಾಲಿ ಫೋಲ್ಡರ್‌ಗೆ ಮಾತ್ರ ಹಾಕಬಹುದು. ಆಮೇಲೆ ಸಾಂಬಾಗೆ ಕೇಸ್ ಸೆನ್ಸಿಟಿವ್ ಯೆಸ್ ಅಂತ ಹೇಳಿದರೆ ಅದು ತಾನು ಹುಡುಕುವುದು ಬಿಡುತ್ತದೆ, ಹುಡುಕಾಟ ಕರ್ನಲ್‌ನಲ್ಲಿ ಹ್ಯಾಶ್‌ನಿಂದಲೇ ಮುಗಿಯುತ್ತದೆ.

ಟರ್ಮಿನಲ್_ತಾತ

ಸ್ಕ್ಯಾನಿಂಗ್ ಆಫೀಸಿಗೆ ಅಷ್ಟೆಲ್ಲ ಬೇಡ. ಒಂದು ಸಂಚಿಕೆಗೆ ಒಂದು ಫೋಲ್ಡರ್ ಮಾಡಿ. 80 ಪುಟದ ಫೋಲ್ಡರ್‌ನಲ್ಲಿ ಸಾವಿರ ಸಲ 'ಇಲ್ಲ' ಅಂದರೂ ಯಾರಿಗೂ ಗೊತ್ತಾಗುವುದಿಲ್ಲ. ಹುಡುಗರಿಗೂ ಹುಡುಕಲು ಸುಲಭ.

ಸುಮ್ನೆ_ಓದುಗ

ಫೈಲ್ ಹೆಸರನ್ನು ಕನ್ನಡದಲ್ಲೇ ಇಟ್ಟರೆ? ಕನ್ನಡದಲ್ಲಿ ಕ್ಯಾಪಿಟಲ್ ಸ್ಮಾಲ್ ಇಲ್ಲವಲ್ಲ 😎

ಕರಾವಳಿ_ಕೋಡರ್

ಕೊನೆಯಲ್ಲಿ ಟಿಐಎಫ್ ಅಂತ ಇಂಗ್ಲಿಷ್ ಬಾಲ ಇರುತ್ತದಲ್ಲ ಮಾರಾಯ್ರೆ.

ಡಿಸ್ಕ್_ದಾಸ

ಕನ್ನಡ ಹೆಸರು ಅಂದ ತಕ್ಷಣ ನೆನಪಾಯಿತು. ಸ್ವಲ್ಪ ಹೊರಗಿನ ವಿಷಯ, ಆದರೆ ಹಳೇಪುಟ ಅವರಿಗೆ ಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಮಿತಿ 255 ಬೈಟ್, ಅಕ್ಷರ ಅಲ್ಲ. ಯುಟಿಎಫ್ 8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಕನ್ನಡದ ಒಂದೊಂದು ಕೋಡ್‌ಗೂ ಮೂರು ಬೈಟ್. ಅಂದರೆ ಬರೀ 85 ಕೋಡ್. ಒತ್ತಕ್ಷರ ಬಂದರೆ ಇನ್ನೂ ಬೇಗ ತುಂಬುತ್ತದೆ, 'ಸ್ತ್ರೀ' ಒಂದಕ್ಕೇ 18 ಬೈಟ್. ವಿಂಡೋಸ್‌ನಲ್ಲಿ ಮಿತಿ 255 ಯುಟಿಎಫ್ 16 ಘಟಕ, ಹಾಗಾಗಿ ಅಲ್ಲಿ ಸಲೀಸಾಗಿ ಉಳಿಯುವ ಉದ್ದ ಕನ್ನಡ ಹೆಸರು ಸರ್ವರ್‌ಗೆ ಕಾಪಿ ಮಾಡಲು ಹೋದರೆ ಎರರ್ ಕೊಡುತ್ತದೆ.

ಹಳೇಪುಟ

ಇದು ನಮಗೆ ಆಗಿದೆ! ಲೇಖನದ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟಾಗ ಕೆಲವು ಕಾಪಿ ಆಗುತ್ತಲೇ ಇರಲಿಲ್ಲ. ಡಿಸ್ಕ್ ಕೆಟ್ಟಿದೆ ಅಂತ ಒಬ್ಬರು ಹೊಸ ಡಿಸ್ಕ್ ಮಾರಲು ಬಂದಿದ್ದರು.

ಹುಬ್ಬಳ್ಳಿ_ಹೈದ

😂😂 ಕೊಂಡಿರೇನು?

ಹಳೇಪುಟ

ಇಲ್ಲ ರೀ.

ಈಗ ತಾತ ಹೇಳಿದ ಹಾಗೆ ವರ್ಷ, ಸಂಚಿಕೆ ಅಂತ ಒಡೆದೆ. ಸ್ಕ್ರಿಪ್ಟ್ ಓಡಿಸಿ ಸರ್ವರ್ ಮೇಲೇ ಮೂವ್ ಮಾಡಿದ್ದರಿಂದ ಕಾಪಿ ಆಗುವ ಹಂಗಿಲ್ಲ, ಬೇಗ ಮುಗಿಯಿತು. ಓಸಿಆರ್ ಮತ್ತೆ ಶುರು ಮಾಡಿಸಿದೆ. ಎಸ್‌ಎಂಬಿಡಿ ಎರಡು, ಮೂರು ಪರ್ಸೆಂಟ್ ದಾಟುತ್ತಿಲ್ಲ. ಓಸಿಆರ್ ಪಿಸಿಗಳೇ ಈಗ ಫುಲ್ ಓಡುತ್ತಿವೆ, ಮೊದಲು ಅವು ಸರ್ವರ್‌ಗೆ ಕಾಯುತ್ತಾ ಕೂತಿರುತ್ತಿದ್ದವು ಅನಿಸುತ್ತದೆ. ರೈಡ್ ಚೆಕ್ ಹಾಗೇ ಬಿಟ್ಟಿದ್ದೇನೆ, ವೇಗಕ್ಕೆ ಮಾತ್ರ ಮಿತಿ ಹಾಕಿದೆ.

ಮಗಾ_ಲಿನಕ್ಸ್

ಅಂದರೆ ಐ7 ಬೇಡ 😔

ಬೂದಿಕೆಂಡ

ಅಟಾಪ್ ಅಂತರ ಮತ್ತೆ ಏರಿಸಿದಿರಾ?

ಹಳೇಪುಟ

ಈಗ ಏರಿಸಿದೆ 🙂

ಸುಮ್ನೆ_ಓದುಗ

ನಮ್ಮ ಆಫೀಸಿನಲ್ಲೂ ಸಾಂಬಾ, ಆದರೆ ಎಲ್ಲರದ್ದೂ ಮ್ಯಾಕ್. ಫೈಂಡರ್ ತೆರೆದರೆ ಸಾಕು, ಸರ್ವರ್ ಏರುತ್ತದೆ. ಇದೇ ಕಾರಣನಾ?

ಟರ್ಮಿನಲ್_ತಾತ

ಹತ್ತಿರದ್ದು ಇರಬಹುದು. ಫೈಂಡರ್ ಪ್ರತಿ ಫೈಲ್‌ಗೂ ಚುಕ್ಕಿ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಜೊತೆ ಫೈಲ್ ಒಂದನ್ನು ಹುಡುಕಬಹುದು, ಅದಕ್ಕೂ ಉತ್ತರ 'ಇಲ್ಲ'ವೇ ಜಾಸ್ತಿ. ಸಾಂಬಾದಲ್ಲಿ ಮ್ಯಾಕ್‌ಗಾಗಿ ಇರುವ ಫ್ರೂಟ್ ಅನ್ನೋ ಮಾಡ್ಯೂಲ್ ಹಾಕಿದ್ದೀರಾ ನೋಡಿ, ಜೊತೆಗೆ ಸ್ಟ್ರೀಮ್ಸ್ ಎಕ್ಸ್‌ಆಟ್ರ್ ಕೂಡ ಬೇಕು. ಮೊದಲು ಎಸ್‌ಟ್ರೇಸ್ ಪಟ್ಟಿ ತೆಗೆದುಕೊಂಡು ಬೇರೆ ಥ್ರೆಡ್ ತೆರೆಯಿರಿ. ಇಲ್ಲೇ ಬೆರೆಸಿದರೆ ಹಳೇಪುಟ ಅವರ ಫೋನ್ ರಾತ್ರಿಯೆಲ್ಲ ಹೊಡೆದುಕೊಳ್ಳುತ್ತದೆ.

ಬೂದಿಕೆಂಡ

ಎಸ್‌ಟ್ರೇಸ್ ಅಲ್ಲ, ಪರ್ಫ್.